ಡ್ರಿಪ್ ಹಾಕುವ ಮೊದಲು ಮೂತ್ರ: ಸೋಡಿಯಂ ಕಡಿಮೆಯಾದ ರೋಗಿಗಳ ನಡುವೆ ನನ್ನ ಅನುಭವ

ಆ ಅಜ್ಜಿಯನ್ನು ಕರೆತಂದಾಗ ರಾತ್ರಿ ಎರಡು ಗಂಟೆ. ಎರಡು ದಿನದಿಂದ ಮಾತು ತೊದಲುತ್ತಿದೆ, ಹಗಲು ರಾತ್ರಿ ಗೊತ್ತಾಗುತ್ತಿಲ್ಲ, ಹೆತ್ತ ಮಗಳನ್ನೇ ಯಾರೆಂದು ಕೇಳುತ್ತಾರೆ. ಪಾರ್ಶ್ವವಾಯು ಇರಬಹುದೆಂದು ತಲೆಯ ಸಿಟಿ ಸ್ಕ್ಯಾನ್ ಮಾಡಿಸಿದೆವು. ಅದರಲ್ಲಿ ಏನೂ ಕಾಣಲಿಲ್ಲ. ಆಮೇಲೆ ರಕ್ತದ ವರದಿ ಬಂತು: ಸೋಡಿಯಂ 114. ಇರಬೇಕಾದ್ದು 135ರಿಂದ 145 ಮಿಲಿಮೋಲ್. ಡ್ಯೂಟಿಯಲ್ಲಿದ್ದ ನಾನು ಕೂಡಲೇ ನಾರ್ಮಲ್ ಸಲೈನ್, ಅಂದರೆ ಉಪ್ಪುನೀರಿನ ಡ್ರಿಪ್, ಹಚ್ಚಿಸಿದೆ.

ಬೆಳಿಗ್ಗೆ ರೌಂಡ್ಸಿಗೆ ಬಂದ ನಮ್ಮ ಗೈಡ್ (ಥೀಸಿಸ್‌ಗೆ ಮಾರ್ಗದರ್ಶಕರು) ಕೇಸ್ ಶೀಟ್ ತಿರುವಿ, "ಮೂತ್ರದ ಸೋಡಿಯಂ ಎಷ್ಟಿತ್ತು?" ಎಂದರು. ನಾನು ಕಳಿಸಿರಲಿಲ್ಲ. ಆಗಲೇ ಓಡಿಹೋಗಿ ಕಳಿಸಿದೆ, ಸಂಖ್ಯೆಯೂ ಬಂತು. ಆದರೆ ಅಷ್ಟರಲ್ಲಿ ರಾತ್ರಿಯಿಡೀ ಸಲೈನ್ ಒಳಗೆ ಹೋಗಿತ್ತು. ಆ ಸಂಖ್ಯೆ ಅಜ್ಜಿಯ ಕಾಯಿಲೆಯದ್ದೋ, ನಾನು ಹಾಕಿಸಿದ ಬಾಟಲಿಯದ್ದೋ ಯಾರೂ ಹೇಳುವಂತಿರಲಿಲ್ಲ. ಇಂಥ ರೋಗಿಗಳನ್ನೇ ನನ್ನ ಥೀಸಿಸ್ ವಿಷಯ ಮಾಡಿಕೊಳ್ಳಬೇಕೆಂದು ಅಂದೇ ನಿಶ್ಚಯಿಸಿದೆ.

ಸೋಡಿಯಂ ಕಡಿಮೆ ಎಂದ ತಕ್ಷಣ ಮೈಯಲ್ಲಿ ಉಪ್ಪು ಕಡಿಮೆಯಾಗಿದೆ ಎಂದು ಮನೆಯವರು ತಿಳಿಯುತ್ತಾರೆ. ಬಹಳಷ್ಟು ಸಲ ನಾವು ವೈದ್ಯರೂ ಹಾಗೇ ನಡೆದುಕೊಳ್ಳುತ್ತೇವೆ. ನಿಜದಲ್ಲಿ ಹೆಚ್ಚಿನವರಲ್ಲಿ ಇದು ನೀರಿನ ಲೆಕ್ಕ ತಪ್ಪಿದ ಸ್ಥಿತಿ. ಮೆದುಳಿನಿಂದ ಬರುವ ವ್ಯಾಸೊಪ್ರೆಸಿನ್ ಎಂಬ ಹಾರ್ಮೋನ್ ಮೂತ್ರಪಿಂಡಕ್ಕೆ "ನೀರು ಬಿಡಬೇಡ" ಎನ್ನುತ್ತದೆ. ಅದು ಯಾಕೆ ಹಾಗೆನ್ನುತ್ತಿದೆ ಎಂಬುದೇ ಇಲ್ಲಿ ರೋಗನಿರ್ಣಯ. ವಾಂತಿ ಭೇದಿಯಿಂದ ಒಣಗಿದವರಲ್ಲಿ ಹಾಗೆನ್ನುವುದಕ್ಕೆ ಅರ್ಥವಿದೆ. ಹೃದಯ ಸೋತವರಲ್ಲಿ, ಲಿವರ್ ಗಟ್ಟಿಯಾದವರಲ್ಲಿ ದೇಹ ಮೋಸಹೋಗಿ ಹಾಗೆನ್ನುತ್ತದೆ. ಇನ್ನು ಕೆಲವರಲ್ಲಿ ಯಾವ ಅಗತ್ಯವೂ ಇಲ್ಲದೆ ಹಾರ್ಮೋನ್ ಸುರಿಯುತ್ತಲೇ ಇರುತ್ತದೆ. 1957ರಲ್ಲಿ ಶ್ವಾರ್ಟ್ಸ್ ಮತ್ತು ಬಾರ್ಟರ್ ಎಂಬ ವೈದ್ಯರು ಶ್ವಾಸಕೋಶದ ಕ್ಯಾನ್ಸರ್ ಇದ್ದ ಇಬ್ಬರು ರೋಗಿಗಳಲ್ಲಿ ಇದನ್ನು ಗುರುತಿಸಿ ಬರೆದರು. ವಾರ್ಡಿನಲ್ಲಿ ನಾವು ಎಸ್‌ಐಎಡಿಎಚ್ ಎನ್ನುವುದು ಇದನ್ನೇ.

ಯಾವ ಗುಂಪು ಎಂಬುದು ಗೊತ್ತಾಗದೆ ಸಲೈನ್ ಹಾಕಿದರೆ ಏನಾಗುತ್ತದೆ ಎಂಬುದನ್ನು ಗೈಡ್ ಒಂದು ಚೀಟಿಯ ಮೇಲೆ ಲೆಕ್ಕ ಹಾಕಿ ತೋರಿಸಿದರು. ಒಂದು ಲೀಟರ್ ನಾರ್ಮಲ್ ಸಲೈನಿನಲ್ಲಿ ಸೋಡಿಯಂ 154, ಕ್ಲೋರೈಡ್ 154, ಒಟ್ಟು 308 ಕಣಗಳ ಭಾರ. ಎಸ್‌ಐಎಡಿಎಚ್ ರೋಗಿಯ ಮೂತ್ರದ ಸಾಂದ್ರತೆ 616 ಇದ್ದರೆ ಆ ಭಾರವಷ್ಟೂ ಅರ್ಧ ಲೀಟರ್ ಮೂತ್ರದಲ್ಲೇ ಹೊರಬೀಳುತ್ತದೆ. ಉಳಿದ ಅರ್ಧ ಲೀಟರ್ ಬರೀ ನೀರು ಒಳಗೇ ನಿಲ್ಲುತ್ತದೆ. ನಾವು ಉಪ್ಪು ಕೊಟ್ಟೆವೆಂದುಕೊಳ್ಳುತ್ತೇವೆ, ರೋಗಿಗೆ ದಕ್ಕುವುದು ನೀರು, ಸೋಡಿಯಂ ಇನ್ನೂ ಕೆಳಗೆ ಹೋಗುತ್ತದೆ. ಆ ಚೀಟಿ ಇವತ್ತಿಗೂ ನನ್ನ ಬಳಿ ಇದೆ.

ಅಧ್ಯಯನಕ್ಕೆ ಪ್ರೋಫಾರ್ಮ, ಅಂದರೆ ಪ್ರತಿ ರೋಗಿಯ ವಿವರ ತುಂಬುವ ನಮೂನೆ, ತಯಾರಿಸಲು ಕೂತಾಗ ನಾನು ಮಾಡಿದ ಮೊದಲ ತಪ್ಪು ದುರಾಸೆ. ಪುಸ್ತಕದಲ್ಲಿ ಕಂಡ ಪ್ರತಿಯೊಂದು ಕಾರಣಕ್ಕೂ, ಪ್ರತಿಯೊಂದು ಪರೀಕ್ಷೆಗೂ ಒಂದೊಂದು ಕಾಲಂ ಇಟ್ಟು ನಾಲ್ಕು ಪುಟ ಮಾಡಿದೆ. ಮೊದಲ ಕೆಲವು ರೋಗಿಗಳಲ್ಲೇ ಅರ್ಧಕ್ಕರ್ಧ ಕಾಲಂ ಖಾಲಿ ಬಿದ್ದವು. ಆಮೇಲೆ ಎಲ್ಲವನ್ನೂ ಕಿತ್ತುಹಾಕಿ, ರೋಗಿ ಬಂದ ಮೊದಲ ಗಂಟೆಯಲ್ಲಿ ತಪ್ಪದೆ ಸಿಗಬೇಕಾದ್ದನ್ನು ಮಾತ್ರ ಒಂದು ಪುಟಕ್ಕೆ ಇಳಿಸಿದೆ: ತಿನ್ನುತ್ತಿರುವ ಮಾತ್ರೆಗಳ ಪೂರ್ತಿ ಪಟ್ಟಿ, ರಕ್ತದ ಸೋಡಿಯಂ, ಪೊಟ್ಯಾಸಿಯಂ, ಸಕ್ಕರೆ, ಯೂರಿಯಾ, ಆಸ್ಮೊಲಾಲಿಟಿ (ಕರಗಿದ ಕಣಗಳ ಸಾಂದ್ರತೆ), ಮೂತ್ರದ ಸೋಡಿಯಂ ಮತ್ತು ಆಸ್ಮೊಲಾಲಿಟಿ, ಆ ಮೂತ್ರ ಹಿಡಿದ ಹೊತ್ತು, ಡ್ರಿಪ್ ಶುರುವಾದ ಹೊತ್ತು. ಕೊನೆಯ ಎರಡು ಹೊತ್ತುಗಳೇ ನನ್ನ ಇಡೀ ಅಧ್ಯಯನದ ಬೆನ್ನೆಲುಬಾದವು.

ಒಪ್ಪಿಗೆ ಪತ್ರದ ವಿಷಯದಲ್ಲಿ ಎಥಿಕ್ಸ್ ಕಮಿಟಿ ನನ್ನನ್ನು ಎರಡು ಸಲ ವಾಪಸ್ ಕಳಿಸಿತು, ಅದು ಸರಿಯಾಗಿಯೇ ಇತ್ತು. 1964ರ ಹೆಲ್ಸಿಂಕಿ ಘೋಷಣೆಯಿಂದ ಈಚೆಗೆ ಮನುಷ್ಯರ ಮೇಲಿನ ಸಂಶೋಧನೆಗೆಲ್ಲ ತಿಳಿವಳಿಕೆಯ ಒಪ್ಪಿಗೆಯೇ ತಳಹದಿ. ನನ್ನ ರೋಗಿಗಳಲ್ಲಿ ಅನೇಕರಿಗೆ ಆ ಹೊತ್ತಿನಲ್ಲಿ ತಾವು ಎಲ್ಲಿದ್ದೇವೆ ಎಂಬುದೇ ತಿಳಿದಿರಲಿಲ್ಲ. ಮನೆಯವರ ಸಹಿ ತೆಗೆದುಕೊಂಡು ಶುರುಮಾಡುವುದು, ರೋಗಿಗೆ ತಿಳಿವು ಮರಳಿದ ಮೇಲೆ ಮತ್ತೆ ಕೂತು ವಿವರಿಸುವುದು, ಬೇಡವೆಂದರೆ ಅವರ ಮಾಹಿತಿಯನ್ನು ತೆಗೆದುಹಾಕುವುದು, ಹೀಗೆಂದು ಬರೆದುಕೊಟ್ಟೆ. ಬೇಡವೆಂದವರೂ ಇದ್ದರು. ಅವರ ಹಾಳೆ ತೆಗೆಯುವಾಗ ಬೇಸರವಾಗುತ್ತಿತ್ತು. ಆದರೂ ತಿಳಿವಿಲ್ಲದಾಗ ನಡೆದದ್ದಕ್ಕೆ ತಿಳಿವು ಬಂದ ಮೇಲೆ ಬೇಡವೆನ್ನುವ ಹಕ್ಕು ಅವರದ್ದು.

ಕಷ್ಟವೆಲ್ಲ ಇದ್ದದ್ದು ಮೂತ್ರದ ಬಾಟಲಿಯಲ್ಲಿ. ರಕ್ತ ಎಲ್ಲರೂ ತೆಗೆಯುತ್ತಾರೆ, ಅದಕ್ಕೊಂದು ರೂಢಿ ಇದೆ. ತುರ್ತಿನಲ್ಲಿ ಬಂದ ರೋಗಿಯ ಮೂತ್ರ ಹಿಡಿಯುವುದು ಮಾತ್ರ ಯಾರ ಕೆಲಸವೂ ಅಲ್ಲ. ಡಾಕ್ಟರ್ ಬರೆಯುತ್ತಾರೆ, ಸಿಸ್ಟರ್ ಬೇರೆ ಐದು ಕೆಲಸದಲ್ಲಿರುತ್ತಾರೆ, ಮನೆಯವರಿಗೆ ಯಾರೂ ಹೇಳಿರುವುದಿಲ್ಲ, ಅಷ್ಟರಲ್ಲಿ ಡ್ರಿಪ್ ಓಡಿರುತ್ತದೆ. ಮೊದಲ ತಿಂಗಳು ನಾನು ಎಲ್ಲರ ಮೇಲೂ ರೇಗಾಡಿದೆ. ಅದರಿಂದ ಒಂದು ಸ್ಯಾಂಪಲ್ಲೂ ಹೆಚ್ಚಿಗೆ ಬರಲಿಲ್ಲ. ಕೊನೆಗೆ ತುರ್ತು ವಿಭಾಗದ ಹಿರಿಯ ಸಿಸ್ಟರ್ ಒಬ್ಬರು, "ಡಾಕ್ಟ್ರೇ, ಬಾಟಲಿಯನ್ನ ಕ್ಯಾನುಲಾ ಟ್ರೇನಲ್ಲೇ ಇಟ್ಟುಬಿಡಿ. ಸೂಜಿ ತಗೊಳ್ಳೋಕೆ ಹೋದವರಿಗೆ ಅದು ಕಣ್ಣಿಗೆ ಬೀಳುತ್ತೆ" ಎಂದರು. ಅವರ ಮಾತಿನಂತೆ ಮಾಡಿದ ಮೇಲೆ ಸ್ಯಾಂಪಲ್‌ಗಳು ಬರತೊಡಗಿದವು. ಥೀಸಿಸ್ಸಿನ ಕೃತಜ್ಞತೆಯ ಪುಟದಲ್ಲಿ ನಾನು ಮೊದಲು ನೆನೆದದ್ದು ಅವರನ್ನು.

ಜೀವಕ್ಕೇ ಅಪಾಯವಿದ್ದಾಗ ಬಾಟಲಿಗೆ ಕಾಯಬಾರದು. ಫಿಟ್ಸ್ ಬಂದ, ಎಚ್ಚರ ತಪ್ಪಿದ ರೋಗಿಗೆ ಶೇಕಡಾ 3ರ ಸಲೈನ್ 150 ಮಿಲಿಲೀಟರ್ 20 ನಿಮಿಷದಲ್ಲಿ ಕೊಡಬೇಕೆಂದು 2014ರ ಯುರೋಪಿನ ಮಾರ್ಗಸೂಚಿ ಹೇಳುತ್ತದೆ. ಸೋಡಿಯಂ 5ರಷ್ಟು ಏರಿದರೆ ಮೆದುಳಿನ ಊತ ಸಾಕಷ್ಟು ಇಳಿಯುತ್ತದೆ. ಕಾರಣ ಹುಡುಕುವುದು ಆಮೇಲೆ. ಇಂಥವರಲ್ಲಿ ಮೊದಲ ಮೂತ್ರ ತಪ್ಪಿದ್ದರೆ ಅದು ಲೋಪವಲ್ಲ ಎಂದು ಪ್ರೋಫಾರ್ಮದಲ್ಲೇ ಗುರುತು ಹಾಕುತ್ತಿದ್ದೆ.

ನಿಜವಾದ ಕೊರತೆಯೇ ಅಲ್ಲದ ಕಡಿಮೆ ಸೋಡಿಯಂ ಎಷ್ಟೆಂಬುದು ಅಧ್ಯಯನಕ್ಕೆ ಇಳಿಯುವವರೆಗೂ ನನಗೆ ಅಂದಾಜಿರಲಿಲ್ಲ. ರಕ್ತದಲ್ಲಿ ಸಕ್ಕರೆ ಏರಿದಾಗ ಅದು ಜೀವಕೋಶಗಳಿಂದ ನೀರನ್ನು ಎಳೆದು ಸೋಡಿಯಂ ತೆಳುವಾಗಿಸುತ್ತದೆ. 100ರ ಮೇಲೆ ಸಕ್ಕರೆ ಏರುವ ಪ್ರತಿ 100 ಮಿಲಿಗ್ರಾಂಗೆ ಸೋಡಿಯಂಗೆ 1.6 ಕೂಡಿಸಿ ನೋಡುವುದು ಹಳೆಯ ರೂಢಿ, 2.4 ಕೂಡಿಸಬೇಕೆಂಬುದು 1999ರ ನಂತರ ಬಂದ ಮಾತು. ಕೊಬ್ಬು ಅಥವಾ ಪ್ರೋಟೀನ್ ತೀರಾ ಹೆಚ್ಚಿದ್ದ ರಕ್ತದಲ್ಲಿ ಕೆಲವು ಯಂತ್ರಗಳು ತಪ್ಪು ಓದುತ್ತವೆ. ಅದೇ ರಕ್ತವನ್ನು ಬ್ಲಡ್ ಗ್ಯಾಸ್ ಯಂತ್ರದಲ್ಲಿ ಇಟ್ಟರೆ ಸರಿಯಾದ ಸಂಖ್ಯೆ ಸಿಗುತ್ತದೆ. ನನ್ನನ್ನು ಹೆಚ್ಚು ಬೆಚ್ಚಿಬೀಳಿಸಿದ್ದು ಇನ್ನೊಂದು. ಚೆನ್ನಾಗಿ ಮಾತಾಡುತ್ತ ಕೂತಿದ್ದ ರೋಗಿಯ ಸೋಡಿಯಂ 108 ಎಂದು ಬಂದಿತ್ತು, ಸಕ್ಕರೆ ಎಲ್ಲೋ ಮುಗಿಲು ಮುಟ್ಟಿತ್ತು. ಹೋಗಿ ನೋಡಿದರೆ ಡೆಕ್ಸ್‌ಟ್ರೋಸ್ (ಸಕ್ಕರೆ ನೀರಿನ) ಡ್ರಿಪ್ ಹೋಗುತ್ತಿದ್ದ ಕೈಯಿಂದಲೇ ರಕ್ತ ತೆಗೆದಿದ್ದರು. ಇನ್ನೊಂದು ಕೈಯಿಂದ ತೆಗೆಸಿದೆ, 137 ಬಂತು. ಅಂದಿನಿಂದ ಸಂಖ್ಯೆಗೂ ರೋಗಿಗೂ ತಾಳೆಯಾಗದಿದ್ದರೆ ಮೊದಲು ಮಂಚದ ಹತ್ತಿರ ಹೋಗುತ್ತೇನೆ.

ರೋಗಿ ಒಣಗಿದ್ದಾರೋ, ಸರಿಯಾಗಿದ್ದಾರೋ, ನೀರು ತುಂಬಿಕೊಂಡಿದ್ದಾರೋ ಎಂದು ಪರೀಕ್ಷೆ ಮಾಡಿ ಗುಂಪು ಮಾಡುವುದು ನಮಗೆಲ್ಲ ಕಲಿಸಿದ ದಾರಿ. ಅದನ್ನು ನಂಬಬಹುದೇ ಎಂದು ನೋಡಲು ನಾನು ಮತ್ತು ಸಹಪಾಠಿಯೊಬ್ಬರು ಒಂದೇ ರೋಗಿಯನ್ನು ಬೇರೆ ಬೇರೆಯಾಗಿ ನೋಡಿ, ಪರಸ್ಪರ ಹೇಳಿಕೊಳ್ಳದೆ ಬರೆದಿಡುತ್ತಿದ್ದೆವು. ಇಬ್ಬರ ಮಾತು ಎಷ್ಟು ಕೂಡುತ್ತದೆ ಎಂಬುದರಿಂದ ಆಕಸ್ಮಿಕವಾಗಿ ಕೂಡುವಷ್ಟನ್ನು ಕಳೆದು ಹೇಳುವ ಅಳತೆ ಒಂದಿದೆ, ಕೊಹೆನ್ 1960ರಲ್ಲಿ ಕೊಟ್ಟ ಕಪ್ಪ. ಕಾಲು ಊದಿಕೊಂಡವರಲ್ಲಿ ನಮ್ಮ ಮಾತು ಕೂಡುತ್ತಿತ್ತು. ಒಣಗಿದವರು ಮತ್ತು ಸರಿಯಾಗಿರುವವರ ನಡುವೆ ಮಾತ್ರ ಮತ್ತೆ ಮತ್ತೆ ಬೇರೆಯಾಗುತ್ತಿದ್ದೆವು, ವಯಸ್ಸಾದವರಲ್ಲಂತೂ ಹೆಚ್ಚಾಗಿ. ಬಾಯಿ ತೆರೆದು ಉಸಿರಾಡುವ ಮುದುಕರ ನಾಲಿಗೆ ಹೇಗಿದ್ದರೂ ಒಣಗಿರುತ್ತದೆ, ಸಡಿಲ ಚರ್ಮ ಎತ್ತಿದರೆ ನಿಲ್ಲುತ್ತದೆ. ಇದರಿಂದಲೇ ಮೂತ್ರದ ಬೆಲೆ ಇನ್ನಷ್ಟು ಅರ್ಥವಾದದ್ದು. ಮೂತ್ರದ ಆಸ್ಮೊಲಾಲಿಟಿ 100ಕ್ಕಿಂತ ಕಡಿಮೆಯಿದ್ದರೆ ಮೂತ್ರಪಿಂಡ ನೀರನ್ನು ಸರಿಯಾಗಿಯೇ ಬಿಡುತ್ತಿದೆ, ರೋಗಿ ಕುಡಿದದ್ದು ಹೆಚ್ಚು ಅಥವಾ ತಿಂದದ್ದು ತೀರಾ ಕಡಿಮೆ. 100ಕ್ಕಿಂತ ಹೆಚ್ಚಿದ್ದು ಮೂತ್ರದ ಸೋಡಿಯಂ 30ರ ಒಳಗಿದ್ದರೆ ದೇಹ ಉಪ್ಪನ್ನು ಹಿಡಿದಿಡುತ್ತಿದೆ, ರಕ್ತನಾಳದಲ್ಲಿ ದ್ರವ ಸಾಲುತ್ತಿಲ್ಲ. 30ಕ್ಕಿಂತ ಮೇಲಿದ್ದರೆ ಎಸ್‌ಐಎಡಿಎಚ್, ಅಡ್ರಿನಲ್ ಗ್ರಂಥಿಯ ಸೋಲು, ಮೂತ್ರ ಹೆಚ್ಚಿಸುವ ಮಾತ್ರೆ ಇವುಗಳನ್ನು ನೆನೆಯಬೇಕು. ಮೂತ್ರ ಹೆಚ್ಚಿಸುವ ಆ ಮಾತ್ರೆ ನುಂಗುತ್ತಿರುವವರಲ್ಲಿ ಈ ಕೊನೆಯ ಸಂಖ್ಯೆಯನ್ನು ಪೂರ್ತಿ ನಂಬುವಂತಿಲ್ಲ.

ಎಸ್‌ಐಎಡಿಎಚ್ ಎಂಬ ಹೆಸರನ್ನು ನಾವು ಬಹಳ ಬೇಗ ಬರೆದುಬಿಡುತ್ತೇವೆ, ಇದು ನನ್ನ ಗಟ್ಟಿ ಅಭಿಪ್ರಾಯ. ಥೈರಾಯ್ಡ್, ಕಾರ್ಟಿಸಾಲ್ (ಅಡ್ರಿನಲ್ ಗ್ರಂಥಿಯ ಹಾರ್ಮೋನ್) ನೋಡದೆ ಆ ಹೆಸರು ಬರೆಯುವ ಹಾಗಿಲ್ಲ. ಕೀಲುನೋವಿಗೆ ವರ್ಷಗಟ್ಟಲೆ ಮಾತ್ರೆ ತಿಂದ ಹಿರಿಯರೊಬ್ಬರು ಸುಸ್ತು, ವಾಕರಿಕೆ ಎಂದು ಸೇರಿದ್ದರು. ಎಲ್ಲ ಸಂಖ್ಯೆಯೂ ಎಸ್‌ಐಎಡಿಎಚ್‌ಗೆ ಒಪ್ಪುತ್ತಿತ್ತು, ಪೊಟ್ಯಾಸಿಯಂ ಕೂಡ ಸರಿಯಿತ್ತು. ನೀರು ಕಡಿಮೆ ಮಾಡಿಸಿ ಮೂರು ದಿನ ಕಾದೆವು, ಸೋಡಿಯಂ ಕದಲಲಿಲ್ಲ. ನಾಲ್ಕನೆಯ ದಿನ ಮಗ ಮನೆಯಿಂದ ಹಳೆಯ ಮಾತ್ರೆ ಪಟ್ಟಿಗಳನ್ನು ತಂದು ತೋರಿಸಿದ. ಅದರಲ್ಲಿ ಸ್ಟೆರಾಯ್ಡ್ ಇತ್ತು. ಸೇರುವ ಕೆಲವು ದಿನ ಮುಂಚೆ ಅದನ್ನು ಒಮ್ಮೆಲೇ ನಿಲ್ಲಿಸಿದ್ದರು. ಹೊರಗಿನಿಂದ ಬಂದ ಸ್ಟೆರಾಯ್ಡ್‌ಗೆ ಒಗ್ಗಿ, ಅಡ್ರಿನಲ್ ಗ್ರಂಥಿಯನ್ನು ಎಚ್ಚರಿಸುವ ಪಿಟ್ಯುಟರಿ ಮಲಗಿಬಿಟ್ಟಿರುತ್ತದೆ. ಇಂಥವರಲ್ಲಿ ಪೊಟ್ಯಾಸಿಯಂ ಏರುವುದಿಲ್ಲ, ಅದಕ್ಕೇ ನಮ್ಮ ಕಣ್ಣು ತಪ್ಪಿತು. ಬೆಳಗಿನ ಎಂಟರ ಕಾರ್ಟಿಸಾಲ್ ನೆಲ ಕಚ್ಚಿತ್ತು. ಆ ಕೊರತೆ ತುಂಬಲು ಹೈಡ್ರೊಕಾರ್ಟಿಸೋನ್ ಕೊಟ್ಟ ಮರುದಿನವೇ ಅವರು ಎದ್ದು ಕೂತು ಊಟ ಕೇಳಿದರು. ಆ ಮೂರು ದಿನ ನನ್ನ ಲೆಕ್ಕದಲ್ಲಿ ಇನ್ನೂ ಉಳಿದಿದೆ. ಅಂದಿನಿಂದ ಮಾತ್ರೆಗಳ ಪಟ್ಟಿಯನ್ನು ಬಾಯಿಮಾತಿನಲ್ಲಿ ಬರೆದುಕೊಳ್ಳುವುದನ್ನು ಬಿಟ್ಟು, ಮನೆಯಲ್ಲಿರುವ ಎಲ್ಲ ಮಾತ್ರೆಗಳನ್ನೂ ಚೀಲದ ಸಮೇತ ತರಿಸತೊಡಗಿದೆ. ರಕ್ತದೊತ್ತಡಕ್ಕೆ ಕೊಡುವ ಥೈಯಾಜೈಡ್, ಖಿನ್ನತೆಯ ಮಾತ್ರೆ, ಫಿಟ್ಸ್ ಮಾತ್ರೆ, ಹೀಗೆ ಸೋಡಿಯಂ ಇಳಿಸಬಲ್ಲವು ಎಲ್ಲ ಆ ಚೀಲಗಳಲ್ಲೇ ಸಿಕ್ಕವು. ಎಷ್ಟೋ ಸಲ ಒಬ್ಬರಲ್ಲೇ ಎರಡು ಮೂರು ಕಾರಣ ಕೂಡಿರುತ್ತಿದ್ದವು. ಪ್ರೋಫಾರ್ಮದಲ್ಲಿ "ಕಾರಣ" ಎಂದು ಒಂದೇ ಜಾಗವಿಟ್ಟಿದ್ದ ನಾನು ಅದನ್ನು ನಡುವೆಯೇ ಬದಲಿಸಬೇಕಾಯಿತು. ಬದಲಿಸಿದ ತಾರೀಖನ್ನೂ ಥೀಸಿಸ್ಸಿನಲ್ಲಿ ಬರೆದೆ.

ಚಿಕಿತ್ಸೆಯಲ್ಲಿ ಭಯಪಡಬೇಕಾದ್ದು ಸೋಡಿಯಂ ಏರದಿರುವುದಕ್ಕಷ್ಟೇ ಅಲ್ಲ, ಬೇಗ ಏರುವುದಕ್ಕೂ. ಮೆದುಳಿನ ನರಗಳ ಹೊದಿಕೆ ಕಳಚುವ ಸ್ಥಿತಿಯನ್ನು 1959ರಲ್ಲೇ ವರ್ಣಿಸಿದ್ದರು. ಸೋಡಿಯಂ ಅವಸರದಲ್ಲಿ ಏರಿಸುವುದಕ್ಕೂ ಅದಕ್ಕೂ ಇರುವ ನಂಟನ್ನು 1986ರಲ್ಲಿ ಸ್ಟರ್ನ್ಸ್ ಮತ್ತು ಸಂಗಡಿಗರು ಸ್ಪಷ್ಟಪಡಿಸಿದರು. ಮೊದಲ 24 ಗಂಟೆಯಲ್ಲಿ ಸೋಡಿಯಂ ಏರಿಕೆ 10 ಮೀರಬಾರದು. ಕುಡಿತವಿರುವವರು, ಅಪೌಷ್ಟಿಕರು, ಲಿವರ್ ಕಾಯಿಲೆಯವರು, ಪೊಟ್ಯಾಸಿಯಂ ಕಡಿಮೆಯಿರುವವರಲ್ಲಿ 8ರೊಳಗೇ ನಿಲ್ಲಿಸಬೇಕು. ಒಣಗಿದವರಿಗೆ ಸಲೈನ್ ಹೋಗಿ ರಕ್ತನಾಳ ತುಂಬಿದ ಕೂಡಲೆ ವ್ಯಾಸೊಪ್ರೆಸಿನ್ ನಿಂತು, ನೀರಿನಂಥ ಮೂತ್ರ ಧಾರಾಳ ಹೋಗತೊಡಗುತ್ತದೆ, ಸೋಡಿಯಂ ತಾನಾಗಿಯೇ ಓಡುತ್ತದೆ. ಇದು ರಕ್ತದ ವರದಿಗಿಂತ ಮೊದಲೇ ಮೂತ್ರದ ಚೀಲದಲ್ಲಿ ಕಾಣುತ್ತದೆ. ಗಂಟೆಗೆ 100 ಮಿಲಿಲೀಟರ್ ದಾಟಿದರೆ ನನಗೆ ಫೋನ್ ಮಾಡಿ ಎಂದು ಬರೆದು ಮಂಚದ ತಲೆಗೆ ಅಂಟಿಸುತ್ತಿದ್ದೆ. ಹಾಗೆ ಫೋನ್ ಬಂದ ಒಂದು ರಾತ್ರಿ ಸಲೈನ್ ನಿಲ್ಲಿಸಿ, ವ್ಯಾಸೊಪ್ರೆಸಿನ್‌ನಂತೆ ನೀರು ಹಿಡಿದಿಡುವ ಡೆಸ್ಮೊಪ್ರೆಸಿನ್ 2 ಮೈಕ್ರೊಗ್ರಾಂ ಕೊಟ್ಟು, ಡೆಕ್ಸ್‌ಟ್ರೋಸ್ ಓಡಿಸಿ ಸೋಡಿಯಂ ಹಿಂದಕ್ಕೆ ತಂದೆವು. ನರಗಳ ಹಾನಿ ಕಾಣಿಸಿಕೊಳ್ಳಲು ಕೆಲವು ದಿನ ಬೇಕಾಗುವುದರಿಂದ ಒಂದು ವಾರ ಪ್ರತಿ ಬೆಳಿಗ್ಗೆ ಆ ರೋಗಿಯ ಕೈಕಾಲು, ನುಂಗುವಿಕೆ, ಮಾತು ನೋಡುತ್ತಿದ್ದೆ. ಏಳನೆಯ ದಿನ ನಡೆದುಕೊಂಡೇ ಮನೆಗೆ ಹೋದರು.

ಅಂಕಿಗಳನ್ನು ಕೂಡಿಸಲು ಕೂತಾಗ ಇನ್ನೊಂದು ಎದುರಾಯಿತು. ಮೊದಲ ಮೂತ್ರ ಸಿಗದವರನ್ನೆಲ್ಲ ಬಿಟ್ಟು ಲೆಕ್ಕ ಹಾಕಿದರೆ ಕೋಷ್ಟಕ ಬಹಳ ಚೆನ್ನಾಗಿ ಕಾಣುತ್ತಿತ್ತು. ಆದರೆ ಸಿಗದಿದ್ದವರೇ ಹೆಚ್ಚು ಕೆಟ್ಟ ಸ್ಥಿತಿಯಲ್ಲಿ ಬಂದವರು, ನೇರ ಐಸಿಯುಗೆ ಹೋದವರು. ಅವರನ್ನು ಬಿಟ್ಟರೆ ನನ್ನ ಅಧ್ಯಯನ ಹಗುರ ಕಾಯಿಲೆಯವರ ಕಥೆಯಾಗಿಬಿಡುತ್ತಿತ್ತು. ಗೈಡ್ ಜೊತೆ ಕೂತು, ಅವರನ್ನು ಬೇರೆ ಸಾಲಿನಲ್ಲಿ ತೋರಿಸಿ, "ಕಾರಣ ಖಚಿತವಾಗಲಿಲ್ಲ" ಎಂದು ಬರೆದೆವು. ಪರೀಕ್ಷಕರು ಆ ಸಾಲಿನ ಬಗ್ಗೆಯೇ ಹೆಚ್ಚು ಹೊತ್ತು ಕೇಳಿದರು.

ಆ ಮೊದಲ ಅಜ್ಜಿ ಥೈಯಾಜೈಡ್ ನಿಲ್ಲಿಸಿದ ಮೇಲೆ ಚೇತರಿಸಿಕೊಂಡರು, ಮಗಳನ್ನು ಹೆಸರು ಹಿಡಿದು ಕರೆದರು. ಎರಡು ತಿಂಗಳಾದ ಮೇಲೆ ಅದೇ ಗೊಂದಲದಲ್ಲಿ ಮತ್ತೆ ಬಂದರು. ಬೇರೆಡೆ ರಕ್ತದೊತ್ತಡಕ್ಕೆ ತೋರಿಸಿಕೊಂಡಾಗ ಅದೇ ಮಾತ್ರೆ ಇನ್ನೊಂದು ಹೆಸರಿನಲ್ಲಿ ಮತ್ತೆ ಶುರುವಾಗಿತ್ತು. ನಾವು ಕೊಟ್ಟ ಡಿಸ್ಚಾರ್ಜ್ ಹಾಳೆಯಲ್ಲಿ ನಿಲ್ಲಿಸಿದ್ದೇವೆ ಎಂದಿತ್ತು, ಯಾಕೆ ನಿಲ್ಲಿಸಿದೆವು ಎಂದಿರಲಿಲ್ಲ. ಈಗ ಹಾಳೆಯ ಮೇಲ್ಗಡೆ ಕೆಂಪು ಶಾಯಿಯಲ್ಲಿ ಮಾತ್ರೆಯ ಒಳಗಿನ ಔಷಧದ ಹೆಸರು, ಅದರಿಂದ ಸೋಡಿಯಂ ಎಷ್ಟಕ್ಕೆ ಇಳಿದಿತ್ತು, ಯಾವ ತಾರೀಖಿಗೆ ಮತ್ತೆ ರಕ್ತ ನೋಡಬೇಕು, ಮೂರನ್ನೂ ನಾನೇ ಬರೆಯುತ್ತೇನೆ. ಬರೆದದ್ದನ್ನು ಮನೆಯವರಿಂದ ಒಮ್ಮೆ ಓದಿಸಿ ಕೇಳಿಸಿಕೊಂಡ ಮೇಲೆಯೇ ಸಹಿ ಹಾಕುವುದು.