128 ಜಿಬಿ ರ್ಯಾಮ್ ನಿಜವಾಗ್ಲೂ ಯಾರಿಗೆ ಬೇಕು – ನನ್ನ ಅನುಭವ

ನಾನು ಚಿತ್ರದುರ್ಗದಲ್ಲಿ ಡ್ರೋನ್ ಸರ್ವೆ ಮಾಡ್ತೀನಿ, ಹೊಸದುರ್ಗ ಹೊಳಲ್ಕೆರೆ ಕಡೆ ಗಣಿ, ಕ್ವಾರಿ, ಲೇಔಟು ಇಂಥವೇ ಕೆಲಸ. ಮೇಲಿಂದ ತೆಗೆದ ಫೋಟೋನೆಲ್ಲ ಮೆಟಾಶೇಪ್ ಅನ್ನೋ ಸಾಫ್ಟ್‌ವೇರಿಗೆ ಹಾಕಿ 3ಡಿ ಮಾಡಿ, ಎಷ್ಟು ಕ್ಯೂಬಿಕ್ ಮೀಟರ್ ಮಣ್ಣು ಎತ್ತಿದಾರೆ ಅಂತ ಲೆಕ್ಕ ಕೊಡಬೇಕು. ಅದಕ್ಕೇ ನನ್ನ ಸಿಸ್ಟಂನಲ್ಲಿ 128 ಜಿಬಿ ರ್ಯಾಮ್ (ಕೆಲಸ ನಡೀವಾಗ ಡೇಟಾ ಇಟ್ಕೊಳ್ಳೋ ಮೆಮೊರಿ) ಐತೆ. ನೋಡಿದೋರೆಲ್ಲ ನಮಗೂ ಅಂಥದ್ದೇ ಬೇಕು ಅಂತಾರೆ, ಆದ್ರೆ ಬಹಳ ಜನಕ್ಕೆ ಅದು ಬ್ಯಾಡವೇ ಬ್ಯಾಡ.

ಮೊದ್ಲು 32 ಇತ್ತು. ಫೋಟೋ ಅಲೈನ್ ಆಗೋತನಕ, ಅಂದ್ರೆ ಒಂದಕ್ಕೊಂದು ಹೊಂದ್ಕೊಳ್ಳೋತನಕ, ಏನೂ ತೊಂದ್ರೆ ಇಲ್ಲ, ಡೆನ್ಸ್ ಕ್ಲೌಡ್ (ಲೆಕ್ಕವಿಲ್ಲದಷ್ಟು ಚುಕ್ಕೆಗಳಿಂದ 3ಡಿ ರೂಪ ಕಟ್ಟೋದು) ಶುರುವಾಯ್ತು ಅಂದ್ರೆ ಟಾಸ್ಕ್ ಮ್ಯಾನೇಜರಲ್ಲಿ ಮೆಮೊರಿ ಗೆರೆ ಮೇಲಕ್ಕೆ ಹೋಗಿ ಅಲ್ಲೇ ನಿಂತ್ಬಿಡೋದು, ಆಮೇಲೆ ವಿಂಡೋಸ್ ಎಸ್‌ಎಸ್‌ಡಿ ಮೇಲೆ ಪೇಜ್ ಫೈಲ್ (ರ್ಯಾಮಲ್ಲಿ ಹಿಡಿಸದ್ದನ್ನ ಇಡೋ ಫೈಲ್) ಬರಿಯೋಕೆ ಶುರು ಮಾಡೋದು, ಡಿಸ್ಕ್ 100 ಪರ್ಸೆಂಟ್, ಸಿಪಿಯು ಮಾತ್ರ ಕೆಲಸ ಇಲ್ದೆ ಸುಮ್ನೆ ಕೂತಿರೋದು, ಮೌಸ್ ಸಹಿತ ಅಲ್ಲಾಡ್ತಿರಲಿಲ್ಲ. ರ್ಯಾಮ್ ಸಾಲ್ತಿಲ್ಲ ಅನ್ನೋಕೆ ಇದೇ ಗುರುತು. ಅಲ್ಲೇ ಕೆಳಗೆ ಕಮಿಟೆಡ್ ಅಂತ ಒಂದು ನಂಬರ್ (ಪ್ರೋಗ್ರಾಂಗಳೆಲ್ಲ ಸೇರಿ ಕೇಳಿರೋ ಮೆಮೊರಿ) ಇರ್ತೈತೆ, ನಿಮ್ಮ ಅತಿ ದೊಡ್ಡ ಕೆಲಸ ನಡೀವಾಗ ಅದು ಹಾಕ್ಸಿರೋ ರ್ಯಾಮ್ ದಾಟಿ ಬಹಳ ಮೇಲೆ ಹೋಗಿ ಡಿಸ್ಕೂ ಒದ್ದಾಡ್ತಿದ್ರೆ ಮಾತ್ರ ದುಡ್ಡು ಹಾಕಿ. ಸಿಪಿಯು 100ಕ್ಕೆ ಹೋಗಿ ಮೆಮೊರಿ ಅರ್ಧ ಖಾಲಿ ಇದ್ರೆ ರ್ಯಾಮ್ ಹಾಕಿ ಏನೂ ಉಪಯೋಗ ಇಲ್ಲ.

ಇನ್ನೊಂದು, ಮೆಟಾಶೇಪಲ್ಲಿ ಕ್ವಾಲಿಟಿ ಒಂದು ಮೆಟ್ಲು ಏರಿಸಿದ್ರೆ ಪಿಕ್ಸೆಲ್ ನಾಲ್ಕು ಪಟ್ಟು ಆಗ್ತವೆ, ರ್ಯಾಮೂ ಜಾಸ್ತಿ ಬೇಕಾಗ್ತೈತೆ. ಬರೀ ಮಣ್ಣಿನ ಲೆಕ್ಕಕ್ಕೆ ಅಲ್ಟ್ರಾ ಹೈ ಯಾಕೆ? ಮೀಡಿಯಂ ಸಾಕು, ಇಲ್ಲಾಂದ್ರೆ ಪ್ರಾಜೆಕ್ಟನ್ನ ಚಂಕ್ ಮಾಡಿ ಒಡೆದು ಆಮೇಲೆ ಸೇರ್ಸಿ.

ದಾವಣಗೆರೆಯಲ್ಲಿ ಮದುವೆ ವಿಡಿಯೋ ಮಾಡೋ ಹುಡುಗ ಒಬ್ಬ "ಅಣ್ಣ, ನಾನೂ 128 ಹಾಕ್ಸಿಬಿಡ್ಲಾ?" ಅಂದ. ಅವನ ಸ್ಟುಡಿಯೋಗೇ ಹೋಗಿ ಫೋಟೋಶಾಪಲ್ಲಿ ಆಲ್ಬಂ ತೆರೆದಿಟ್ಟು 4ಕೆ ಎಕ್ಸ್‌ಪೋರ್ಟ್ ಹಚ್ಚಿ ನೋಡಿದ್ವಿ, 32ರಲ್ಲೇ ಇನ್ನೂ ಜಾಗ ಇತ್ತು. ಮುಂದೆ ಕೆಲಸ ದೊಡ್ಡದಾದ್ರೂ 64 ಸಾಕಪ್ಪ, ಉಳಿದ ದುಡ್ಡು ಗ್ರಾಫಿಕ್ಸ್ ಕಾರ್ಡಿಗೂ ಬ್ಯಾಕಪ್ ಡಿಸ್ಕಿಗೂ ಹಾಕು ಅಂದೆ. ಟ್ಯಾಲಿ, 2ಡಿ ಆಟೋಕ್ಯಾಡ್‌ಗೆ 16 ಧಾರಾಳ.

ನನ್ನ ಥರ ಪಾಯಿಂಟ್ ಕ್ಲೌಡ್ (3ಡಿ ಚುಕ್ಕೆಗಳು), ದೊಡ್ಡ ಸ್ಟ್ರಕ್ಚರ್ ಅನಾಲಿಸಿಸ್, ಸಿಎಫ್‌ಡಿ (ಗಾಳಿ, ನೀರಿನ ಹರಿವಿನ ಲೆಕ್ಕ) ಮಾಡೋರು, ಒಂದೇ ಮಷೀನಲ್ಲಿ ಹತ್ತಾರು ವರ್ಚುವಲ್ ಮಷೀನ್ (ಕಂಪ್ಯೂಟರ್ ಒಳಗಿನ ಕಂಪ್ಯೂಟರ್) ಓಡ್ಸೋರು, ಇವರಿಗೆ ನಿಜವಾಗ್ಲೂ ಬೇಕು. 512 ಜಿಬಿ, ಅದಕ್ಕೂ ಮೇಲೆ ಬೇಕು ಅಂದ್ರೆ ಥ್ರೆಡ್‌ರಿಪ್ಪರ್ ಪ್ರೊ, ಜಿಯಾನ್ ಥರದ ವರ್ಕ್‌ಸ್ಟೇಷನ್ ಪ್ರೊಸೆಸರೇ ಆಗ್ಬೇಕು, ಅದ್ರಲ್ಲಿ ಇಸಿಸಿ ರ್ಯಾಮ್ ಇರೋದ್ರಿಂದ ಒಂದು ಬಿಟ್ ತಪ್ಪಿದ್ರೂ ಅದೇ ಸರಿ ಮಾಡ್ಕೊಂತೈತೆ, ರಾತ್ರಿಯೆಲ್ಲ ಓಡೋ ಕೆಲಸಕ್ಕೆ ಅದು ದೊಡ್ಡ ಧೈರ್ಯ.

ಮಾಮೂಲಿ ಮದರ್‌ಬೋರ್ಡಿಗೆ 64 ಹಾಕ್ಸೋರು 32ರ ಎರಡು ಸ್ಟಿಕ್ ತಗೊಳ್ಳಿ, 16ರ ನಾಲ್ಕು ಬ್ಯಾಡ. ಡಿಡಿಆರ್5 ಅನ್ನೋ ಹೊಸ ನಮೂನೆ ರ್ಯಾಮಲ್ಲಿ ನಾಲ್ಕೂ ಸ್ಲಾಟ್ ತುಂಬಿದ್ರೆ ಸಾಮಾನ್ಯವಾಗಿ ಸ್ಪೀಡ್ ಇಳೀತೈತೆ.