ಬರ್ಲಿಂಗ್ ಪಾತ್ರವನ್ನು ಓದುವುದು ಹೇಗೆ?

ಇಂಗ್ಲಿಷ್ ನಾಟಕಕಾರ ಪ್ರೀಸ್ಟ್ಲಿಯ ‘ಆನ್ ಇನ್ಸ್‌ಪೆಕ್ಟರ್ ಕಾಲ್ಸ್’ ನಾಟಕದ ಪಾಠ ಮಾಡುವಾಗ ನಾನು ಮೊದಲು ಬೋರ್ಡಿನ ಮೇಲೆ ಎರಡು ಇಸವಿ ಬರೆಯುತ್ತೇನೆ: 1912, 1945. ಕಥೆ ನಡೆಯುವುದು ಮೊದಲನೆಯದರಲ್ಲಿ, ನಾಟಕ ರಂಗಕ್ಕೆ ಬಂದದ್ದು ಎರಡನೆಯದರಲ್ಲಿ. ಯುದ್ಧ ಆಗುವುದಿಲ್ಲ, ಟೈಟಾನಿಕ್ ಮುಳುಗುವುದಿಲ್ಲ ಅಂತ ಕಾರ್ಖಾನೆ ಮಾಲೀಕ ಬರ್ಲಿಂಗ್ ಹೇಳುವಾಗ ನೋಡುಗರಿಗೆ ನಿಜ ಗೊತ್ತು. ಅವನ ಮೇಲಿನ ನಂಬಿಕೆ ಅಲ್ಲೇ ಹೋಗುತ್ತದೆ, ಅಲ್ವಾ?

ಆಮೇಲೆ ಕೂಲಿಯ ಲೆಕ್ಕ ಹಾಕಿ. ಅವನ ಕಾರ್ಖಾನೆಯಲ್ಲಿ ದುಡಿಯುತ್ತಿದ್ದ, ಮುಂದೆ ಸಾಯುವ ಹುಡುಗಿ ಇವಾ ಸ್ಮಿತ್‌ಗೆ ವಾರಕ್ಕೆ ಸಿಗುತ್ತಿದ್ದದ್ದು ಸುಮಾರು 22 ಶಿಲಿಂಗ್ 6 ಪೆನ್ಸ್ (ಆಗ 12 ಪೆನ್ಸ್‌ಗೆ ಒಂದು ಶಿಲಿಂಗ್). ಕೇಳಿದ್ದು 25 ಶಿಲಿಂಗ್. ಜಾಸ್ತಿ ಕೇಳಿದ್ದು ಬರೀ ಎರಡೂವರೆ ಶಿಲಿಂಗ್! ಮುಷ್ಕರದ ಮುಂದಾಳು ಅಂತ ಬರ್ಲಿಂಗ್ ಅವಳನ್ನು ಕೆಲಸದಿಂದ ತೆಗೆದ. ಈ ಜಾಗದಲ್ಲಿ ನನಗೆ ಪ್ರತಿ ಸಲ ಗಂಟಲು ಕಟ್ಟುತ್ತದೆ.

ಸುಮ್ನೆ ‘ಸ್ವಾರ್ಥಿ’ ಅಂತ ಬರೆದು ಮುಗಿಸಬೇಡಿ. ಅವಳ ಸಾವು ತಿಳಿದ ಮೇಲೂ ಅವನ ಚಿಂತೆ ತನಗೆ ಸಿಗಬಹುದಾದ ನೈಟ್‌ಹುಡ್ (‘ಸರ್’ ಎಂಬ ಗೌರವ ಪದವಿ) ಬಗ್ಗೆಯೇ. ಆ ಮಾತುಗಳಿಗೆ ಪೆನ್ಸಿಲ್‌ನಲ್ಲಿ ಗೆರೆ ಎಳೆಯಿರಿ. ಪಕ್ಕದಲ್ಲಿ, ತನ್ನ ತಪ್ಪು ಒಪ್ಪಿಕೊಳ್ಳುವ ಮಗಳು ಶೀಲಾಳ ಮಾತಿಟ್ಟು ಓದಿ.