ಹೈ-ಹ್ಯಾಟ್ ತೆಗೆದಿಟ್ಟ ಮೇಲೆ

ಬೆಂಗಳೂರಿನಲ್ಲಿ ಜಾನಪದವನ್ನು ಬ್ಯಾಂಡ್ ಜೊತೆ ಹಾಡುವುದು ಹೊಸದೇನಲ್ಲ. ಸಿ. ಅಶ್ವತ್ಥ್ ಅವರು ಶಿಶುನಾಳ ಶರೀಫರ ತತ್ವಪದಗಳನ್ನು ವಾದ್ಯವೃಂದದ ಜೊತೆ ಹಾಡಿ ಮನೆಮನೆಗೆ ಮುಟ್ಟಿಸಿದ್ದರು. ಆಮೇಲೆ ರಘು ದೀಕ್ಷಿತ್ ಅದೇ ಶರೀಫರನ್ನು ಗಿಟಾರ್, ಡ್ರಮ್ಸ್ ಜೊತೆ ಹಾಡಿದರು. 2008ರ ಅವರ ಮೊದಲ ಆಲ್ಬಮ್ ಬಂದ ಮೇಲೆ ಕಾಲೇಜು ಹುಡುಗರ ಬಾಯಲ್ಲೂ ತತ್ವಪದ ಕೇಳಿಸಿತು. ಅಲ್ಲೆಲ್ಲ ಪದ ಊರಿನದ್ದು, ಹಾಡುವವರು ಸಿಟಿಯವರು. ನಮ್ಮ ತಂಡದಲ್ಲಿ ಹಾಡುವವರೂ ಊರಿನವರೇ. ಸಿಟಿಯವರು ಹಿಂದೆ ಕೂತು ಬಾರಿಸುತ್ತೇವೆ. ಇಷ್ಟೇ ಬದಲಾವಣೆಗೆ ಕೆಲಸ ಎಷ್ಟು ಜಾಸ್ತಿ ಆಗುತ್ತದೆ ಅನ್ನುವುದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ನಾನು ಡ್ರಮ್ಮರ್. ಜೊತೆಗೆ ಒಬ್ಬ ಬೇಸ್ ಗಿಟಾರಿನವನು, ಒಬ್ಬ ಗಿಟಾರಿಸ್ಟ್, ಲ್ಯಾಪ್‌ಟಾಪ್ ಮತ್ತು ಕೀಬೋರ್ಡ್ ನೋಡಿಕೊಳ್ಳುವ ಗೆಳತಿ. ಚಾಮರಾಜನಗರ ಜಿಲ್ಲೆಯಿಂದ ಬರುವ ಕಂಸಾಳೆ ಮೇಳದವರು ಮೂವರು. ಕಥೆ ಹೇಳುವವರು ಹಿರಿಯರು. ನಾವು ಗುಡ್ಡಪ್ಪ ಅಂತಲೇ ಕರೆಯುತ್ತೇವೆ. ದೇವರಗುಡ್ಡರನ್ನು ಊರಲ್ಲೂ ಹಾಗೇ ಕರೆಯುತ್ತಾರೆ. ಉಳಿದ ಇಬ್ಬರು ಸೊಲ್ಲು (ಪಲ್ಲವಿ) ಹಿಡಿಯುತ್ತಾರೆ, ದಮ್ಮಡಿ ಅನ್ನುವ ಚರ್ಮವಾದ್ಯ ಮತ್ತು ಏಕತಾರಿ ನುಡಿಸುತ್ತಾರೆ.

ಕಂಸಾಳೆ ನೋಡದವರಿಗೆ ಒಂದು ಮಾತು. ಅದು ಕಂಚಿನ ಜೋಡಿ. ಒಂದು ಬಟ್ಟಲಿನ ಆಕಾರದ್ದು, ಅಂಗೈಯಲ್ಲಿ ಕೂರುತ್ತದೆ. ಇನ್ನೊಂದು ಚಪ್ಪಟೆ ತಟ್ಟೆ, ದಾರಕ್ಕೆ ಗೊಂಡೆ ಕಟ್ಟಿರುತ್ತಾರೆ. ಮಲೆ ಮಹದೇಶ್ವರನ ಒಕ್ಕಲಾದ ದೇವರಗುಡ್ಡರಿಗೆ ಅದು ದೀಕ್ಷೆಯ ಜೊತೆ ಬರುವ ಬಿರುದು. ಸುಮ್ನೆ ಪರ್ಕಷನ್ ಅಂತ ಯಾರು ಬೇಕಾದರೂ ಎತ್ತಿಕೊಂಡು ಬಾರಿಸುವ ಹಾಗಿಲ್ಲ. ನಮ್ಮಲ್ಲಿ ಮೊದಲ ದಿನದಿಂದಲೇ ಒಂದು ನಿಯಮ: ಗುಡ್ಡಪ್ಪನವರ ಕಂಸಾಳೆಯನ್ನು ಅವರ ಮೇಳದವರು ಬಿಟ್ಟು ಬೇರೆ ಯಾರೂ ಮುಟ್ಟುವುದಿಲ್ಲ. ಅದನ್ನು ಸ್ಯಾಂಪಲ್ ಮಾಡಿ ಲ್ಯಾಪ್‌ಟಾಪಿಗೆ ಹಾಕಿಕೊಂಡು, ಅವರಿಲ್ಲದ ಕಾರ್ಯಕ್ರಮದಲ್ಲಿ ಬಳಸುವುದೂ ಇಲ್ಲ. ಫ್ಯೂಷನ್ ಮಾಡುವವರು ಇದನ್ನು ಧಾರಾಳವಾಗಿ ಮಾಡುತ್ತಾರೆ. ನನಗಂತೂ ಸರಿ ಕಾಣುವುದಿಲ್ಲ.

ಇನ್ನು ತಾಳದ ವಿಷಯ. ನಾವು ಮೊದಲು ಕೈಗೆತ್ತಿಕೊಂಡ ಹಾಡಿನ ನಡೆ ಆರರದ್ದು. ಅದಕ್ಕೆ ಡಾನ್ಸ್ ಮ್ಯೂಸಿಕ್ಕಿನ ನಾಲ್ಕರ ಬೀಟ್ ಹಾಕಬೇಕು ಅಂದರೆ ಹಾಡಿನ ಕೈಕಾಲು ಮುರಿಯಬೇಕು. ಆದರೆ ಆರನ್ನು ಮೂರು ಮೂರಾಗಿ ಒಡೆದು, ಒಂದರ ಮೇಲೆ ಕಿಕ್ (ಕಾಲಲ್ಲಿ ಬಾರಿಸುವ ದೊಡ್ಡ ಡ್ರಮ್), ನಾಲ್ಕರ ಮೇಲೆ ಸ್ನೇರ್ (ಚಟ್ ಅನ್ನುವ ಸಣ್ಣ ಡ್ರಮ್) ಇಟ್ಟರೆ ನೋಡಿ, ಹಿಪ್-ಹಾಪ್ ಕೇಳಿ ಬೆಳೆದ ಹುಡುಗರ ತಲೆ ತಾನಾಗಿ ಅಲ್ಲಾಡುತ್ತದೆ. ಹಾಡಿನ ನಡೆಯೂ ಹಾಗೇ ಉಳಿಯುತ್ತದೆ. ಸಿಟಿಯ ಲಯಕ್ಕೆ ಬೇಕಾದ ತೂಕ ಹಾಡಿನೊಳಗೇ ಇತ್ತು. ನಾನು ಮಾಡಿದ್ದು ಅದರ ಎರಡು ಏಟನ್ನು ದಪ್ಪ ಮಾಡಿದ್ದು, ಅಷ್ಟೇ.

ಅಷ್ಟೇ ಅಂದೆ, ಆದರೆ ಅಷ್ಟಕ್ಕೇ ಮುಗಿಯಲಿಲ್ಲ. ಡ್ರಮ್ಮರುಗಳಿಗೆ ಒಂದು ಚಟ ಇರುತ್ತದೆ. ಹಾಡುವವರು ಸಾಲು ಮುಗಿಸಿ ನಿಂತರೆ ಸಾಕು, ಆ ಸಂದಿ ತುಂಬುವ ಹಾಗೆ ಒಂದು ಚಿಕ್ಕ ಉರುಳು, ಅಂದರೆ ಫಿಲ್, ಹೊಡೆಯಬೇಕು ಅನ್ನಿಸುತ್ತದೆ. ಪಾಶ್ಚಾತ್ಯ ಹಾಡುಗಳಲ್ಲಿ ಆ ಜಾಗ ನಮಗೆ ಅಂತಲೇ ಬಿಟ್ಟಿರುತ್ತಾರೆ. ಗುಡ್ಡಪ್ಪ ಒಂದು ದಿನ ಹಾಡು ಮುಗಿದ ಮೇಲೆ ಎಲೆಅಡಿಕೆ ಬಾಯಿಗೆ ಹಾಕಿಕೊಂಡು ಹೇಳಿದರು: "ನೀನು ಬಾರ್ಸಾದು ಚೆಂದಾಗದೆ ಕಣಪ್ಪ. ಆದ್ರೆ ನಾನು ಉಸುರು ಎಳ್ಕಳೋ ಜಾಗದಲ್ಲೇ ಬಾರಿಸ್ತೀಯಲ್ಲ."

ಆಮೇಲೆ ಗಮನ ಇಟ್ಟು ಕೇಳಿದೆ. ಅವರು ಉಸಿರು ಎಳೆದುಕೊಳ್ಳುವಾಗ ಹಾಡು ನಿಂತಿರುವುದಿಲ್ಲ. ಅಲ್ಲಿ ಸೊಲ್ಲಿನವರು ಸಾಲಿನ ಬಾಲ ಹಿಡಿದುಕೊಂಡು ಎಳೆಯುತ್ತಾರೆ. ಕೇಳುವವರಿಗೆ ಅದು ಖಾಲಿ ಅನ್ನಿಸುವುದೇ ಇಲ್ಲ. ಖಾಲಿ ಅನ್ನಿಸುವುದು ನಮ್ಮಂಥ ಅಭ್ಯಾಸದವರಿಗೆ ಮಾತ್ರ. ನಾನು ಅಲ್ಲಿ ಟಾಮ್ಸ್ (ಗುಮ್ ಅನ್ನುವ ಡ್ರಮ್ಮುಗಳು) ಹೊಡೆದರೆ ಸೊಲ್ಲು ಮುಚ್ಚಿಹೋಗುತ್ತದೆ. ಸೊಲ್ಲು ಮುಚ್ಚಿಹೋದರೆ ಮುಂದಿನ ಸಾಲಿಗೆ ಗುಡ್ಡಪ್ಪನವರಿಗೆ ಹಿಡಿ ಸಿಗುವುದಿಲ್ಲ. ಅಲ್ಲಿಗೆ ಫಿಲ್ಸ್ ಬಿಟ್ಟೆ. ಮೇಲಿನ ಟಾಮ್ಸ್ ಎರಡನ್ನೂ ಸೆಟ್ಟಿನಿಂದಲೇ ತೆಗೆದೆ. ಇದ್ದರೆ ಕೈ ಹೋಗುತ್ತದೆ, ಅದಕ್ಕೇ.

ಅದಾದ ಮೇಲೆ ಹೈ-ಹ್ಯಾಟ್, ಅಂದರೆ ಡ್ರಮ್ ಸೆಟ್ಟಿನಲ್ಲಿ ಕಾಲಲ್ಲಿ ಮೆಟ್ಟಿ ಮುಚ್ಚುವ ಜೋಡಿ ತಟ್ಟೆ. ಕಂಸಾಳೆಯ ದನಿ ತುಂಬ ಚೂಪು. ಹೈ-ಹ್ಯಾಟ್ ಯಾವ ಎತ್ತರದಲ್ಲಿ ಚಿಣ್ ಅನ್ನುತ್ತದೋ ಹೆಚ್ಚುಕಡಿಮೆ ಅಲ್ಲೇ ಕಂಸಾಳೆಯೂ ಇರುತ್ತದೆ. ಎರಡೂ ಒಟ್ಟಿಗೆ ಬಂದರೆ ಸ್ಪೀಕರಿನಲ್ಲಿ ಒಂದೇ ಗದ್ದಲ. ಸೌಂಡ್ ಇಂಜಿನಿಯರ್ ಈಕ್ವಲೈಸರಿನಲ್ಲಿ ಕಂಸಾಳೆಯ ಮೇಲ್ಭಾಗ ಕತ್ತರಿಸಿ ಹೈ-ಹ್ಯಾಟಿಗೆ ಜಾಗ ಮಾಡೋಣ ಅಂದರು. ಕತ್ತರಿಸಿದಾಗ ಕಂಸಾಳೆ ಸ್ಟೀಲ್ ಪಾತ್ರೆ ಬಡಿದಂತೆ ಕೇಳಿಸಿತು. ನಾನು ಹೈ-ಹ್ಯಾಟ್, ಕ್ರ್ಯಾಶ್ ಎಲ್ಲ ಚೀಲಕ್ಕೆ ಹಾಕಿದೆ. ಈಗ ನನ್ನ ಮುಂದಿರುವುದು ಒಂದು ಕಿಕ್, ಒಂದು ಸ್ನೇರ್, ಒಂದು ಫ್ಲೋರ್ ಟಾಮ್. ನೋಡಿದವರು "ಉಳಿದದ್ದು ಗಾಡಿಯಲ್ಲೇ ಬಿಟ್ಟು ಬಂದ್ರಾ?" ಅಂತ ಕೇಳುವುದುಂಟು.

ಟೆಂಪೋ ಇನ್ನೊಂದು ರಗಳೆ. ಗುಡ್ಡಪ್ಪ ನಿಧಾನಕ್ಕೆ ಶುರು ಮಾಡುತ್ತಾರೆ. ಕಥೆ ಬಿಸಿಯಾದ ಹಾಗೆ ಲಯವೂ ಏರುತ್ತದೆ. ಶುರುವಿನಲ್ಲಿ ನಿಮಿಷಕ್ಕೆ 90 ಏಟಿನ ಆಸುಪಾಸು ಇದ್ದದ್ದು ಕೊನೆಗೆ 120 ಮುಟ್ಟಿರುತ್ತದೆ. ಅವರ ಕಿವಿಗೆ ಕ್ಲಿಕ್ (ವೇಗ ತೋರಿಸುವ ಟಿಕ್ ಟಿಕ್ ದನಿ) ಕೊಟ್ಟು ಒಂದೇ ವೇಗದಲ್ಲಿ ಹಾಡಿ ಅನ್ನುವುದು ಸಾಧ್ಯವೂ ಇಲ್ಲ, ಬೇಕಾಗಿಯೂ ಇಲ್ಲ. ಬದಲಿಗೆ ಲ್ಯಾಪ್‌ಟಾಪ್ ನನ್ನ ಹಿಂದೆ ಬರುತ್ತದೆ. ಲೂಪುಗಳನ್ನು (ತಿರುತಿರುಗಿ ಬರುವ ದನಿಯ ತುಣುಕುಗಳು) ಉದ್ದಕ್ಕೆ ಓಡಲು ಬಿಡದೆ, ಸಣ್ಣ ತುಂಡು ಮಾಡಿ ಪ್ಯಾಡಿನಲ್ಲಿ ಹಾಕಿಟ್ಟಿದ್ದೇವೆ. ಗೆಳತಿ ಅವುಗಳನ್ನು ಕೈಯಲ್ಲೇ ಬಾರಿಸುತ್ತಾಳೆ. ವೇಗ ಏರಿದರೆ ಅವಳ ಕೈಯೂ ಏರುತ್ತದೆ.

ಬಾರ್, ಅಂದರೆ ತಾಳದ ಸುತ್ತು, ಎಣಿಸುವುದನ್ನೂ ಬಿಡಬೇಕಾಯಿತು. ಎಂಟು ಬಾರ್ ಆದ ಮೇಲೆ ಕೋರಸ್ ಅನ್ನುವ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಮನಸ್ಸು ಬಂದರೆ ಗುಡ್ಡಪ್ಪ ಒಂದು ಸಾಲನ್ನು ಮಾತಿಗೆ ಇಳಿಸಿ, ಕಥೆ ವಿವರಿಸಿ, ಎದುರು ಕೂತವರನ್ನು ಮಾತಾಡಿಸಿ, ಮತ್ತೆ ಹಾಡಿಗೆ ಹತ್ತುತ್ತಾರೆ. ಅದು ಇವತ್ತು ಇದ್ದಂತೆ ನಾಳೆ ಇರುವುದಿಲ್ಲ. ಹಾಗಾಗಿ ನಮ್ಮ ಹತ್ತಿರ ಇರುವುದು ಸ್ವರಲಿಪಿಯಲ್ಲ, ಗುರುತುಗಳ ಚೀಟಿ. ಮಾತು ಶುರುವಾದರೆ ಏಕತಾರಿ ಮತ್ತು ಬೇಸ್ ಮಾತ್ರ. ಕಂಸಾಳೆ ಎತ್ತಿದರೆ ಕಿಕ್. ಸೊಲ್ಲು ಬಿದ್ದಾಗ ಎಲ್ಲರೂ. ಸೊಲ್ಲು ಎರಡನೇ ಸಲ ಬಂದಾಗ ಕೇಳುವವರೂ ಹಾಡತೊಡಗುತ್ತಾರೆ. ಅದಕ್ಕೆ ಯಾರೂ "ಎಲ್ಲ ಚಪ್ಪಾಳೆ ತಟ್ಟಿ" ಅಂತ ಮೈಕಿನಲ್ಲಿ ಕೂಗಬೇಕಿಲ್ಲ.

ಗಿಟಾರಿನವನ ಕಷ್ಟ ನನಗಿಂತ ದೊಡ್ಡದು. ಗುಡ್ಡಪ್ಪನವರ ಶ್ರುತಿ ಹಾರ್ಮೋನಿಯಂನ ಯಾವ ಮನೆಗೂ ಸರಿಯಾಗಿ ಕೂರುವುದಿಲ್ಲ. ಎರಡು ಮನೆಗಳ ನಡುವೆ ಎಲ್ಲೋ ಇರುತ್ತದೆ. ಗಂಟಲು ಹೇಗಿದೆ ಅನ್ನುವುದರ ಮೇಲೆ ದಿನಕ್ಕೊಂದು ಜಾಗ. ಆದ್ದರಿಂದ ಸೌಂಡ್ ಚೆಕ್ಕಿನಲ್ಲಿ ಮೊದಲು ಅವರು ಏಕತಾರಿ ಜೊತೆ ನಾಲ್ಕು ಸಾಲು ಹಾಡುತ್ತಾರೆ. ಆಮೇಲೆ ಗಿಟಾರ್, ಬೇಸ್ ಎರಡನ್ನೂ ಅದಕ್ಕೆ ಇಳಿಸಿಯೋ ಏರಿಸಿಯೋ ಹೊಂದಿಸುತ್ತಾರೆ. ಕೀಬೋರ್ಡಿನಲ್ಲಿ ಫೈನ್ ಟ್ಯೂನ್ ಇರುತ್ತದೆ, ಅದಕ್ಕೆ ತೊಂದರೆ ಇಲ್ಲ.

ಕಾರ್ಡ್ಸ್, ಅಂದರೆ ಒಟ್ಟಿಗೆ ಹಿಡಿಯುವ ಸ್ವರಗಳ ವಿಷಯ ಇನ್ನೂ ಸೂಕ್ಷ್ಮ. ಗುಡ್ಡಪ್ಪ ಹಿಡಿಯುವ ಗಾಂಧಾರ (ಸರಿಗಮದ ಗ) ಕೆಳಗಿನ ಸಾಧಾರಣವೂ ಅಲ್ಲ, ಮೇಲಿನ ಅಂತರವೂ ಅಲ್ಲ. ಮಧ್ಯದಲ್ಲಿ ತೂಗುತ್ತದೆ. ಗಿಟಾರಿನಲ್ಲಿ ಮೇಜರ್ ಕಾರ್ಡ್ ಹಿಡಿದರೆ ಅವರ ಗಾಂಧಾರ ಬೇಸೂರು ಅನ್ನಿಸುತ್ತದೆ. ಮೈನರ್ ಹಿಡಿದರೆ ಹಾಡಿಗೆ ಇಲ್ಲದ ಅಳು ಬರುತ್ತದೆ. ಗಿಟಾರಿಸ್ಟ್ ಕಂಡುಕೊಂಡ ದಾರಿ ಸರಳ: ಗಾಂಧಾರವನ್ನು ಮುಟ್ಟುವುದೇ ಇಲ್ಲ. ಷಡ್ಜ, ಪಂಚಮ ಎರಡೇ. ಮೂರು ತಂತಿಗಳನ್ನು ಆ ಎರಡಕ್ಕೇ ಕೂಡಿಸಿಕೊಂಡು ಏಕತಾರಿಯ ಪಕ್ಕ ಕೂರುತ್ತಾನೆ. ಕಾರ್ಡ್ಸ್ ಬದಲಾಗದೆ ಬೋರ್ ಆಗುವುದಿಲ್ಲವಾ ಅಂತ ಬೇರೆ ಬ್ಯಾಂಡಿನವರು ಕೇಳುತ್ತಾರೆ. ಕಥೆ ನಡೆಯುತ್ತಿರುವಾಗ ಬೋರ್ ಎಲ್ಲಿಂದ ಬರಬೇಕು?

ರೆಕಾರ್ಡಿಂಗಿಗೆ ಒಬ್ಬೊಬ್ಬರನ್ನೇ ಗಾಜಿನ ಕೋಣೆಯಲ್ಲಿ ಕೂರಿಸಿ, ಹೆಡ್‌ಫೋನ್ ಹಾಕಿ ಹಾಡಿಸುವುದು ಸ್ಟುಡಿಯೋ ಪದ್ಧತಿ. ಗುಡ್ಡಪ್ಪ ಹೆಡ್‌ಫೋನ್ ತೆಗೆದಿಟ್ಟರು. ಸೊಲ್ಲಿನವರ ಮುಖ ಕಾಣದೆ ಕಥೆ ಹೇಳುವುದು ಆಗಲ್ಲ ಅಂದರು. ಎಲ್ಲರೂ ಒಂದೇ ಕೋಣೆಯಲ್ಲಿ ಅರ್ಧಚಂದ್ರಾಕಾರದಲ್ಲಿ ಕೂತೆವು. ಕಿಕ್ಕಿಗೆ ಕಂಬಳಿ ಹೊದಿಸಿದೆ, ಸ್ನೇರ್ ಬದಲು ಬ್ರಷ್ ಹಿಡಿದು ಫ್ಲೋರ್ ಟಾಮ್ ಬಾರಿಸಿದೆ. ಕಂಸಾಳೆಗೆ ಹತ್ತಿರದ ಮೈಕ್ ಬೇಡವೇ ಬೇಡ. ತಲೆಯಿಂದ ಮೇಲೆ, ಸ್ವಲ್ಪ ಹಿಂದೆ ಒಂದು ಜೋಡಿ ಕಂಡೆನ್ಸರ್ ಮೈಕ್ ಇಟ್ಟರೆ ಸಾಕು. ಒಬ್ಬರ ದನಿ ಇನ್ನೊಬ್ಬರ ಮೈಕಿಗೆ ಸೋರುತ್ತದೆ, ನಿಜ. ಆಮೇಲೆ ಒಂದು ತಪ್ಪು ಸ್ವರವನ್ನು ಮಾತ್ರ ತೆಗೆದು ಸರಿ ಮಾಡಲು ಬರುವುದಿಲ್ಲ. ಬೇಕಿದ್ದರೆ ಪೂರ್ತಿ ಇನ್ನೊಮ್ಮೆ ಹಾಡಬೇಕು. ಹಾಡಿದೆವು.

ವೇದಿಕೆಯಲ್ಲಿ ನಮಗೆ ಸಿಗುವುದು ಹೆಚ್ಚೆಂದರೆ ಮುಕ್ಕಾಲು ಗಂಟೆ. ಮಹದೇಶ್ವರನ ಕಥೆ ಊರಲ್ಲಿ ರಾತ್ರಿಯಿಡೀ ನಡೆಯುತ್ತದೆ. ಇಲ್ಲಿ ಬಯಲಿನ ಕಾರ್ಯಕ್ರಮವಾದರೆ ರಾತ್ರಿ 10ಕ್ಕೆ ಸ್ಪೀಕರ್ ಆರಿಸಬೇಕು. 2000ದ ಶಬ್ದಮಾಲಿನ್ಯ ನಿಯಮ ಹಾಗಿದೆ. ಹೆಚ್ಚಿನವರು ಮಾಡುವುದು, ಚೆನ್ನಾಗಿರುವ ಎರಡು ಮಟ್ಟು ಎತ್ತಿಕೊಂಡು ಅದನ್ನೇ ತಿರುಗಿಸಿ ತಿರುಗಿಸಿ ಹಾಡುವುದು. ನಾವು ಆಯ್ಕೆಯನ್ನು ಗುಡ್ಡಪ್ಪನವರಿಗೆ ಬಿಟ್ಟೆವು. ಅವರು ಮಹದೇಶ್ವರನ ಕಥೆಯ ಒಂದು ಭಾಗವಾದ ಸಂಕಮ್ಮನ ಸಾಲಿನಿಂದ ಒಂದು ಘಟನೆ ತೆಗೆದರು. ಕಾಡಿಗೆ ಹೊರಟ ಗಂಡ ಹೆಂಡತಿಯ ಮೇಲೆ ಅನುಮಾನ ಪಟ್ಟು ಭಾಷೆ ಕೊಡು ಅನ್ನುವುದು, ಅವಳು ಒಪ್ಪದಿರುವುದು. ಶುರು, ತುದಿ ಎರಡೂ ಇರುವ ತುಂಡು. ಕಥೆ ಗೊತ್ತಿಲ್ಲದ ಹುಡುಗಿಯರು ಕಾರ್ಯಕ್ರಮ ಮುಗಿದ ಮೇಲೆ ಬಂದು "ಆಮೇಲೆ ಸಂಕಮ್ಮ ಏನಾದ್ಲು?" ಅಂತ ಗುಡ್ಡಪ್ಪನವರನ್ನೇ ಕೇಳುತ್ತಾರೆ. ಅವರಿಗೆ ಅಲ್ಲೇ ನಿಂತು ಮುಂದಿನ ಕಥೆ ಹೇಳುವುದೆಂದರೆ ಬಲು ಖುಷಿ. ನಾವು ಸಾಮಾನು ಕಟ್ಟಿ ಕಾಯುತ್ತೇವೆ.

ದಿನಾಂಕ ಗೊತ್ತುಮಾಡುವಾಗ ಪಂಚಾಂಗ ನೋಡಲೇಬೇಕು. ಅಮಾವಾಸ್ಯೆ, ಶಿವರಾತ್ರಿ, ಯುಗಾದಿ, ದೀಪಾವಳಿ ಬಂದರೆ ಬೆಟ್ಟದಲ್ಲಿ ಜಾತ್ರೆ, ಮೇಳದವರು ಅಲ್ಲಿರುತ್ತಾರೆ. ಕಂಪನಿಗಳು ಕಾರ್ಯಕ್ರಮಕ್ಕೆ ಕರೆಯುವುದು ದೀಪಾವಳಿಗೇ ಜಾಸ್ತಿ, ಒಳ್ಳೆಯ ದುಡ್ಡೂ ಕೊಡುತ್ತಾರೆ. ಒಪ್ಪಿಕೊಳ್ಳುವುದಿಲ್ಲ.

ದುಡ್ಡಿನ ಮಾತು ಬಂತಲ್ಲ, ಅದನ್ನೂ ಹೇಳಿಬಿಡುತ್ತೇನೆ. ಏಳು ಜನ, ಏಳು ಪಾಲು. ಬಸ್ಸು, ಊಟ, ವಸತಿ ಮೊದಲೇ ಒಟ್ಟು ಮೊತ್ತದಿಂದ ಹೊರಗೆ. ಮೇಳದವರ ಪಾಲು ಅದೇ ರಾತ್ರಿ ಕೈಗೆ, ಯಾಕೆಂದರೆ ಇಲ್ಲಿಗೆ ಬರಲು ಅವರು ಕೂಲಿ ಬಿಟ್ಟು ಬಂದಿರುತ್ತಾರೆ. ಆಯೋಜಕರು ಚೆಕ್ಕು ಬರೆಯಲು ತಿಂಗಳು ತೆಗೆದುಕೊಂಡರೆ ಕಾಯುವುದು ಸಿಟಿಯ ನಾಲ್ವರು. ಒಬ್ಬ ಆಯೋಜಕರು "ಬ್ಯಾಂಡಿಗೆ ಇಷ್ಟು, ಜಾನಪದದವರಿಗೆ ಇಷ್ಟು" ಅಂತ ಬೇರೆ ಬೇರೆ ಬರೆದುಕೊಂಡು ಬಂದಿದ್ದರು. ಬ್ಯಾಂಡ್ ಅಂದರೆ ಇವರೇ ಅಂತ ಗುಡ್ಡಪ್ಪನವರನ್ನು ತೋರಿಸಿ, ಕಾಗದ ವಾಪಸ್ ಕೊಟ್ಟೆವು.

ವಿಡಿಯೋ ಹಾಕಿದ ಮೇಲೆ ಬೇರೆ ಥರದ ತಲೆನೋವು ಶುರುವಾಯಿತು. ಒಂದು ಕ್ಯಾಸೆಟ್ ಕಂಪನಿಯ ಹೆಸರಿನಲ್ಲಿ ಯೂಟ್ಯೂಬ್ ನಮ್ಮ ಹಾಡಿನ ಮೇಲೆ ಕ್ಲೈಮ್ ಹಾಕಿತು, ಅಂದರೆ ಹಕ್ಕು ಆ ಕಂಪನಿಯದ್ದು ಅಂತ. ಆ ಸೊಲ್ಲು ಅವರ ಹಳೆಯ ಕ್ಯಾಸೆಟ್ಟಿನಲ್ಲೂ ಇತ್ತಂತೆ. ತಲೆಮಾರುಗಳಿಂದ ಬಾಯಿಂದ ಬಾಯಿಗೆ ಬಂದ ಪದ ಯಾವ ಕಂಪನಿಯದ್ದೂ ಅಲ್ಲ. ಕಂಪನಿಗೆ ಹಕ್ಕಿರುವುದು ಅವರು ಮಾಡಿದ ರೆಕಾರ್ಡಿಂಗ್ ಮೇಲೆ ಮಾತ್ರ. ಇದೇ ಮಾತು ಬರೆದು ಡಿಸ್ಪ್ಯೂಟ್ (ಆಕ್ಷೇಪ) ಹಾಕಿದೆವು. ಉತ್ತರ ಕೊಡಲು ಅವರಿಗೆ 30 ದಿನ ಇರುತ್ತದೆ. ಕೊಡಲಿಲ್ಲ, ಕ್ಲೈಮ್ ಬಿದ್ದುಹೋಯಿತು.

ಈ ಗಲಾಟೆಯಲ್ಲಿ ಒಂದು ಉಪಯೋಗದ ವಿಷಯ ತಿಳಿಯಿತು. 1957ರ ಹಕ್ಕುಸ್ವಾಮ್ಯ ಕಾಯ್ದೆಯ 38ನೇ ಕಲಮಿನಲ್ಲಿ ಹಾಡುವವರಿಗೂ ನುಡಿಸುವವರಿಗೂ ತಮ್ಮ ಪ್ರದರ್ಶನದ ಮೇಲೆ ಹಕ್ಕಿದೆ, 50 ವರ್ಷದ ತನಕ. ಪದ ಎಲ್ಲರದ್ದಾದರೂ, ಗುಡ್ಡಪ್ಪ ಅವತ್ತು ಹಾಡಿದ ರೀತಿ ಅವರದ್ದು. 2012ರ ತಿದ್ದುಪಡಿಯ ಮೇಲೆ, ಹಾಡಿದವರು ಇವರೇ ಅಂತ ಹೆಸರು ಹಾಕಿಸಿಕೊಳ್ಳುವ ಹಕ್ಕೂ ಸೇರಿದೆ. ಹಾಗಾಗಿ ಈಗ ರೆಕಾರ್ಡಿಂಗಿಗೆ ಮೊದಲೇ ಕನ್ನಡದಲ್ಲಿ ಒಂದು ಪುಟದ ಒಪ್ಪಂದ ಮಾಡಿಕೊಳ್ಳುತ್ತೇವೆ. ಜೋರಾಗಿ ಓದಿ ಹೇಳುತ್ತೇವೆ, ಏಳು ಜನವೂ ಸಹಿ ಹಾಕುತ್ತೇವೆ. ಆನ್‌ಲೈನಿನಿಂದ ಬರುವ ಚಿಲ್ಲರೆ ದುಡ್ಡಿಗೂ ಅದೇ ಏಳು ಪಾಲು. ಹಾಡಿನ ವಿವರದಲ್ಲಿ "ಸಾಂಪ್ರದಾಯಿಕ" ಅಂತ ಒಂದೇ ಪದ ಬರೆದು ಕೈ ತೊಳೆದುಕೊಳ್ಳದೆ, ಮೇಳದ ಮೂವರ ಹೆಸರು, ಊರು, ಗುಡ್ಡಪ್ಪ ಯಾರ ಹತ್ತಿರ ಕಲಿತರು ಅನ್ನುವುದನ್ನೂ ಬರೆಯುತ್ತೇವೆ. ಡ್ರಮ್ಸ್, ಬೇಸ್, ಗಿಟಾರ್, ಕೀಬೋರ್ಡಿನವರ ಹೆಸರು ಅದರ ಕೆಳಗೆ ಬರುತ್ತದೆ.